‘ಬುದ್ಧಿ ಇಲ್ವಾ?’ ಎಂದ ತಾಯಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಕೆಂಪಾಳ್ಯ ಮಠದ ಅಡುಗೆಮನೆಯಲ್ಲೇ ಜೀವ ಸವೆಸಿದ ಗೌರಮ್ಮಣ್ಣಿಯವರು.

ಅಂದು ಪೂಜ್ಯ ಮರಿಬಸವ ಸ್ವಾಮಿಗಳು ಮಠದ ಹಿತ್ತಿಲ ಜಗುಲಿಯಲ್ಲಿ ಕುಳಿತು ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಸೀಮೆಯಲ್ಲಿ ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು ವಾಡಿಕೆಯಷ್ಟೆ. ಟಿಬೆಟ್ಟಿನಿಂದ ಬಂದು ಬೆಟ್ಟದಾಚೆಯ ಕ್ಯಾಂಪಿನಲ್ಲಿ ನೆಲೆಸಿದ್ದ ಯಾಂಗ್ಜೋಮ್ ಎಂಬ ಹೆಣ್ಣುಮಗಳು ಮಗಳ ಕೈಹಿಡಿದು ಮಠಕ್ಕೆ ಬಂದಳು. ತನಗಂತೂ ಈ ನಾಡಿನಲ್ಲಿ ಬಾಯಿಲ್ಲ, ಮಗಳಿಗಾದರೂ ಬಾಯಿ ಬರಲಿ, ಅವಳನ್ನು ಮಠದ ಶಾಲೆಗೆ ಸೇರಿಸಬೇಕು ಎಂಬುದೊಂದೇ ಅವಳ ಆಸೆ. ಕಲಿತ ನಾಲ್ಕು ಮಾತನ್ನು ದಾರಿಯುದ್ದಕ್ಕೂ ಜಪಿಸುತ್ತ ಬಂದವಳು, ಬಾಗಿಲಲ್ಲಿದ್ದ ಪಾರುಪತ್ತೇಗಾರ ಪುಟ್ಟಮಾದಪ್ಪನವರಿಗೆ ಕೈಮುಗಿದು, “ಬುದ್ಧಿ ಇಲ್ವಾ?” ಎಂದಳು.

ಸ್ವಾಮಿಗಳು ಇದ್ದಾರೆಯೇ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು.

“ಯಾರಿಗವ್ವ ಇಲ್ದಿರೋದು? ನನಗೋ, ನಿನಗೋ?” ಪುಟ್ಟಮಾದಪ್ಪನವರು ಗದರಿದರು. ಪಂಕ್ತಿಗೆ ಕಾದಿದ್ದವರು ಗೊಳ್ಳೆಂದು ನಕ್ಕರು. “ಬೈಯೋದನ್ನ ಮಾತ್ರ ಚೆಂದಾಗಿ ಕಲ್ತವ್ಳೆ” ಎಂದರೊಬ್ಬರು.

ಏನು ತಪ್ಪಾಯಿತೆಂದೇ ಅವಳಿಗೆ ತಿಳಿಯಲಿಲ್ಲ. ಈ ಭಾಷೆಯ ಸಹವಾಸವೇ ಬೇಡ ಎಂದುಕೊಂಡು ಮಗಳನ್ನು ಎಳೆದುಕೊಂಡು ತಿರುಗಿದಳು.

ಅಷ್ಟರಲ್ಲಿ ಸ್ವಾಮಿಗಳು ಎದ್ದು ಬಂದಿದ್ದರು. “ಇನ್ನೂ ಬಂದಿಲ್ಲ ಕಣ್ ತಾಯಿ. ಬರ್ಲಿ ಅಂತ್ಲೇ ಕಾಯ್ತಾ ಕೂತಿದ್ದೀವಿ” ಎಂದರು. ಆಮೇಲೆ ಚೊಂಬಿನ ನೀರನ್ನು ಅವಳ ಕೈಗಿತ್ತು, “ನಿಮ್ಮ ಮಾತಲ್ಲಿ ಇದಕ್ಕೇನಂತೀರಿ?” ಎಂದು ಚೊಂಬಿನೊಳಗಿನ ನೀರು ತೋರಿಸಿ ಕೇಳಿದರು.

“ಛು” ಎಂದಳು ಮೆಲ್ಲಗೆ.

ಸ್ವಾಮಿಗಳು ಶ್ರದ್ಧೆಯಿಂದ, ಬಾಯಿತುಂಬ, “ಛೂ” ಎಂದರು. ನಮ್ಮ ಕಡೆ ಅದು ನಾಯಿಯನ್ನು ಮೇಲೆ ಬಿಡುವ ಮಾತಲ್ಲವೇ? ಕಂಬದಡಿ ಮಲಗಿದ್ದ ಮಠದ ನಾಯಿ ದಡಕ್ಕನೆದ್ದು ಪುಟ್ಟಮಾದಪ್ಪನವರತ್ತಲೇ ನುಗ್ಗಿತು. ಅವರು ಪಂಚೆ ಎತ್ತಿಕೊಂಡು ಕಟ್ಟೆ ಹತ್ತಿದರು.

“ನನ್ನ ಮೇಲೇ ಛೂ ಬಿಟ್ರಲ್ಲಾ ಬುದ್ಧೀ.”

“ನೀರು ಕೇಳ್ದೆ ಕಣಪ್ಪ, ನಾಯಿ ಬಂತು. ಕಲಿಯೋರ ಪಾಡೇ ಇಷ್ಟು. ನೀನೂ ಒಂದ್ಸಲ ಹೇಳಿ ನೋಡು.”

ಪುಟ್ಟಮಾದಪ್ಪನವರು ನಾಯಿಯ ಮೇಲೊಂದು ಕಣ್ಣಿಟ್ಟು, ಬಾಯಿ ತೆರೆದರು, ಮುಚ್ಚಿದರು. ಒಂದಕ್ಷರಕ್ಕೆ ನಾಲಿಗೆ ತೊಡರಿತು. ಅವರ ತಲೆ ತಾನಾಗಿ ಬಾಗಿತು.

ಯಾಂಗ್ಜೋಮ್ ನಕ್ಕಳು. ನಕ್ಕ ಮೇಲೆ ಭಯ ಎಲ್ಲಿ ಹೋಯಿತೋ. “ನನ್ನ ಮಗಳು ಶಾಲೆ ಬರ್ತಾನೆ. ನೀವು ಕಲ್ಸು” ಎಂದು ತಡೆಯಿಲ್ಲದೆ ಹೇಳಿ ಮುಗಿಸಿದಳು. ಪುಟ್ಟಮಾದಪ್ಪನವರೇ ಕಟ್ಟೆಯಿಂದಿಳಿದು, “ಬಾ ಮಗಾ” ಎಂದು ಮಗುವಿನ ಕೈಹಿಡಿದು ಶಾಲೆಯತ್ತ ನಡೆದರು.

ನಿಮ್ಮೂರಿಗೆ ಹೊಸದಾಗಿ ಬಂದು ಮಾತಿಗೆ ತಡವರಿಸುವವರು ಇದ್ದರೆ, ಅವರ ನೆರೆಹೊರೆಯವರಿಗೆ ಇದನ್ನು ಮರೆಯದೆ ಹೇಳಿ.