ಒಂದು ಕೆನ್ನೆಯಷ್ಟು ಉಸಿರು

ಹೊಳೆಯ ದಂಡೆಯ ಮಠದಲ್ಲಿ ಗುರುಸಿದ್ಧವ್ವನೆಂಬ ಹಿರಿಯ ತಾಯಿ ಇದ್ದಳು. ಶಿವಪೂಜೆ ಮುಗಿಸಿ ಹೆಣ್ಣುಮಕ್ಕಳಿಗೆ ಸೂಲಗಿತ್ತಿಯ ಕೆಲಸ ಕಲಿಸುತ್ತಿದ್ದಳು. ಆಕೆಗೆ ಅದೂ ಪೂಜೆಯೇ.

ಒಂದು ದಿನ ಶಿಷ್ಯೆ ಸಂಗವ್ವನ ಮುಂದೆ ಬೂದಿ ಮುಚ್ಚಿದ ಕೆಂಡವೊಂದನ್ನು ಇಟ್ಟಳು.

"ಊದು. ಕೆಂಡ ಕಣ್ಣು ಬಿಡಬೇಕು, ಬೂದಿ ಹಾರಬಾರದು."

ಸಂಗವ್ವ ಊದಿದಳು. ಬೂದಿಯೆಲ್ಲ ಎದ್ದು ಅವಳ ಮುಖಕ್ಕೇ ಬಡಿಯಿತು.

"ಹನ್ನೆರಡು ವರ್ಷ ಊದುಗೊಳವೆ ಹಿಡಿದು ಒಲೆ ಊದಿದಾಕಿ ನಾನು. ನನಗ ಊದಾಕ ಬರೂದಿಲ್ಲೇನವ್ವಾ?"

"ಅದಕ್ಕೇ ಬರವಲ್ದು. ಒಲೆಗೆ ಊದಿದಂಗ ಹೊಟ್ಟೆಯಿಂದ ಊದತೀ. ಉಸಿರಾಡದ ಕೂಸಿಗೆ ಬಾಯಿಂದ ಉಸಿರು ಕೊಡೂದು ಕಲೀಬೇಕು ನೀ. ಅದರ ಎದೆ ಗುಬ್ಬಿ ಗೂಡಿನಷ್ಟು. ಕೆನ್ನ್ಯಾಗ ಹಿಡಿಸುವಷ್ಟು ಉಸಿರು ಸಾಕು."

"ನಮ್ಮ ಕಡೆ ಇಷ್ಟೆಲ್ಲ ಇಲ್ಲವ್ವಾ. ಕೂಸು ಅಳದಿದ್ರ ಕಾಲು ಹಿಡಿದು ತಲೆಕೆಳಗ ಮಾಡಿ ಬೆನ್ನಿಗೆ ನಾಕು ಬಿಡತೀವಿ."

"ಒಂಬತ್ತು ತಿಂಗಳು ನಡೆದು ಬಂದ ಕೂಸಿಗೆ ಹೊಸಿಲಾಗೇ ಹೊಡ್ತ? ನಿಮ್ಮೂರಿಗೆ ಬೀಗರು ಹೆಂಗರೆ ಬರ್ತಾರವ್ವಾ?"

ಸಂಗವ್ವ ನಕ್ಕಳು. ಮತ್ತೆ ಊದಿದಳು. ಎಂಟು ದಿನ ಅದೇ ಕೆಲಸ.

ಒಂಬತ್ತನೆಯ ದಿನ ಬೆಳಿಗ್ಗೆ ಆಚೆ ದಂಡೆಯ ಅಂಬಿಗರ ಮನೆಯಿಂದ ಕರೆ ಬಂತು. ಸೊಸೆಗೆ ಚೊಚ್ಚಲ ಹೆರಿಗೆ. ಇಬ್ಬರೂ ಹೋದರು.

ಕೂಸು ಹುಟ್ಟಿತು. ಅಳಲಿಲ್ಲ. ನೀಲಿಗಟ್ಟಿ, ಒದ್ದೆ ಅರಿವೆಯಂತೆ ಸಂಗವ್ವನ ಕೈಯಲ್ಲಿ ಜೋತುಬಿತ್ತು.

ಬಾಣಂತಿಗೆ ರಕ್ತ ಹೋಗುತ್ತಿತ್ತು. ಗುರುವಿನ ಎರಡೂ ಕೈ ಅಲ್ಲೇ ಇದ್ದವು. ಆಕೆ ಇತ್ತ ತಿರುಗಲೂ ಇಲ್ಲ.

ಸಂಗವ್ವ ಕೂಸಿನ ಮೈ ಒರೆಸಿದಳು. ಬೆಚ್ಚನೆಯ ಬಟ್ಟೆ ಸುತ್ತಿದಳು. ಬಾಯಿ ಒರೆಸಿ ಬೆನ್ನು ನೀವಿದಳು. ಉಸಿರಿಲ್ಲ.

ಸದ್ದಿಗಾದರೂ ಕೂಸು ಎಚ್ಚರಾಗಲೆಂದು ಬಾಣಂತಿಯ ಅತ್ತೆ ತಿಪ್ಪವ್ವ ಕಂಚಿನ ತಾಟು ಬಡಿಯುತ್ತ ನುಗ್ಗಿದಳು. "ಸವರಿಕೋತ ಕುಂತೀಯಲ್ಲ, ಬೆಕ್ಕಿನ ಮರಿ ಏನ ಅದು? ತಾ ಇಲ್ಲೆ, ನಾನೇ ಬಡೀತೀನಿ!"

"ಮುಟ್ಟಬ್ಯಾಡ್ರಿ." ಸಂಗವ್ವ ಕೂಸನ್ನು ಅವಚಿಕೊಂಡಳು.

ಮುದುಕಿಯ ದನಿ ಕುಸಿಯಿತು. "ಹಂಗಾದ್ರ ಬಿಟ್ಟುಬಿಡವ್ವಾ. ಶಿವ ಕರಕೊಂಡ. ಅವನಿಗೆ ಅಡ್ಡ ನಿಲ್ಲಬ್ಯಾಡ."

"ಬೇಕಾದ್ರ ಶಿವನೇ ಬರಲಿ! ನನ್ನ ಕೈಯಿಂದ ಇಸಕೊಂಡು ಹೋಗಲಿ. ನಾನಾಗಿ ಕೊಡಾಕಿ ಅಲ್ಲ!"

ಕೂಸಿನ ತಲೆ ನೆಟ್ಟಗಿಟ್ಟು, ಬಾಯಿ ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ, ಒಂದು ಕೆನ್ನೆಯಷ್ಟು ಉಸಿರು ಕೊಟ್ಟಳು.

ಪುಟ್ಟ ಎದೆ ಏರಿತು. ಇಳಿಯಿತು.

ಬೂದಿ ಹಾರಬಾರದು. ಇನ್ನೊಂದು. ಬೂದಿ ಹಾರಬಾರದು. ಮತ್ತೊಂದು.

ಎಷ್ಟನೆಯದಕ್ಕೋ, ಕೂಸು ಸೀನಿತು. ಆಮೇಲೆ ಮೂತಿ ಸೊಟ್ಟ ಮಾಡಿಕೊಂಡು, ಮನೆ ಹಾರಿಹೋಗುವಂತೆ ಅತ್ತಿತು.

ತಿಪ್ಪವ್ವನ ಕೈಯಿಂದ ತಾಟು ಜಾರಿಬಿತ್ತು. ಅತ್ತ ಬಾಣಂತಿಯ ರಕ್ತವೂ ನಿಂತಿತ್ತು. ಶಿವನ ಕರುಣೆಗೆ ಎಣೆಯುಂಟೇ!

ಮರಳಿ ಹೊಳೆ ದಾಟುವಾಗ ಸಂಗವ್ವ ಗುರುವಿನ ಕಡೆ ತಿರುಗಿದಳು.

"ಅವ್ವಾ, ಶಿವನಿಗೇ ಎದುರಾಡಿದೆ. ಸೊಕ್ಕಿನ ಮಾತು ಬಂತು. ಏನು ತಪ್ಪುಕಾಣಿಕೆ ಹಾಕಲಿ?"

"ಏನಂದೀ ಅವಗ?"

"ನೀನೇ ಬಂದು ನನ್ನ ಕೈಯಿಂದ ಇಸಕೋ ಅಂದೆ."

ಗುರುಸಿದ್ಧವ್ವ ಹೊಳೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಬಂದನೇನು?"

ಸಂಗವ್ವ ತನ್ನ ಬರಿಗೈ ನೋಡಿಕೊಂಡಳು. ಆ ಎದೆ ಏರಿದ್ದು ಅಂಗೈಗೆ ಇನ್ನೂ ನೆನಪಿತ್ತು.

"ಬಂದಿದ್ದ ಅವ್ವಾ."

"ಬಂದಾಂವ ಒಯ್ದನೋ, ಕೊಟ್ಟು ಹೋದನೋ?"