ಆಲೆಮನೆಗೆ ಆಳು ತಂದ ಜವರ

ಹೆಸರಿಲ್ಲದೆ ಕತೆ ಹೇಳುವುದು ನನಗಾಗದು. ಮಗ ಜವರ, ಅವ್ವ ದ್ಯಾವೀರಮ್ಮ. ಅವ್ವ ಹೇಳಿದ್ದನ್ನು ಜವರ ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ಅವ್ವನ ಗೋಳು.

ಆ ವರ್ಷ ದ್ಯಾವೀರಮ್ಮ ಕಬ್ಬು ಕಡಿಸಿ ಕೆಂಚೇಗೌಡನ ಆಲೆಮನೆ ಮುಂದೆ ಹಾಕಿಸಿದ್ದಳು. ಹತ್ತಿರದಲ್ಲಿ ಇನ್ನೊಂದು ಆಲೆಮನೆ ಇರಲಿಲ್ಲ. ಗೌಡನ ಬಾಯಿಗೆ ಹೆದರಿ ಆಳುಗಳೆಲ್ಲ ಓಡಿಹೋಗಿದ್ದರು. ಗಾಣ ನಿಂತಿತ್ತು. ಕಬ್ಬು ಒಣಗುತ್ತಿತ್ತು.

“ಬೆಲ್ಲ ಮಾಡಿಸದೆ ನಾನು ಬಿಡೋಳಲ್ಲ!” ಅಂದಳು ಅವ್ವ. “ಹೋಗ್ಲಾ ಜವರ, ಆಳು ಕರ್ಕೊಂಡ್ ಬಾ. ಸುಳ್ಳು ಮಾತ್ರ ಹೇಳ್ಬೇಡ. ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳು.”

“ಆಗ್ಲಿ ಕಣವ್ವ!”

ಪಕ್ಕದೂರಿನ ಜಗಲಿ ಮೇಲೆ ಜನ ಕೂತಿದ್ದರು. ಜವರ ಅವರನ್ನು ಆಲೆಮನೆ ಕೆಲಸಕ್ಕೆ ಕರೆದ.

“ಊಟ ಹೆಂಗಪ್ಪ?”

“ನೀರು ಸಾರು! ಮುದ್ದೇಲಿ ಕಲ್ಲು!”

“ಗೌಡ ಹೆಂಗೆ?”

“ಕೋಳಿಗಿಂತ ಮುಂಚೆ ಕೂಗ್ತಾನೆ! ಹೋದ ಸಲ ಸೌಟು ಎಸೆದ, ತಿಮ್ಮನ ಹಣೆ ಊದ್ಕೊಂತು!”

ಜಗಲಿ ಖಾಲಿಯಾಯಿತು. ಮನೆಗೆ ಬಂದು ಹೇಳಿದರೆ ಅವ್ವ ಬೈದಳು:

“ಅಯ್ಯೋ ಪೆದ್ದ! ಅದನ್ನೆಲ್ಲ ಹೇಳ್ತಾರೇನ್ಲಾ? ಏನೇ ಕೇಳಲಿ, ‘ಬೋ ಚೆನ್ನಾಗೈತೆ, ಬನ್ನಿ’ ಅನ್ನು.”

“ಆಗ್ಲಿ ಕಣವ್ವ!”

ಮಾರನೆಯ ದಿನ ಇನ್ನೊಂದು ಊರು. ಒಬ್ಬ ಮುದುಕಿ ಕೇಳಿದಳು, “ನಿಮ್ಮ ಆಲೆಮನೇಲಿ ನನ್ನ ಅಳಿಯನ ಕೈ ಸುಟ್ಟಿತ್ತಲ್ಲಪ್ಪ?”

“ಬೋ ಚೆನ್ನಾಗೈತೆ, ಬನ್ನಿ!”

“ಅವನು ಬಿದ್ದು ಹೊರಳಾಡ್ತಿದ್ರೆ ಗೌಡ ತಿರುಗೂ ನೋಡಲಿಲ್ವಂತೆ?”

“ಬೋ ಚೆನ್ನಾಗೈತೆ! ನೀವೂ ಬನ್ನಿ!”

ಮುದುಕಿ ಪೊರಕೆ ಹಿಡಿದು ಊರಾಚೆವರೆಗೂ ಅಟ್ಟಿಸಿಕೊಂಡು ಬಂದಳು.

“ಥೂ! ಹಂಗಂತಾರೇನ್ಲಾ? ಜನ ಮನೆ ವಿಚಾರ ತೆಗೆದ್ರೆ ‘ಅಯ್ಯೋ ಪಾಪ’ ಅಂತ ಕಣ್ಣೀರು ಹಾಕ್ಬೇಕು. ‘ಇನ್ಮೇಲೆ ಹಿಂಗಾಗದಂಗೆ ನೋಡ್ಕೊತೀವಿ’ ಅನ್ಬೇಕು.”

“ಆಗ್ಲಿ ಕಣವ್ವ!”

ಹೊರಟ. ದಾರಿಯಲ್ಲಿ ಯಾವುದೋ ಮನೆಯ ಅಣ್ಣತಮ್ಮಂದಿರು ಗುಂಪಾಗಿ ಎದುರಾದರು. ಎಲ್ಲರ ಮುಖದಲ್ಲೂ ನಗು.

“ತಂಗಿ ಮದುವೆ ಗೊತ್ತಾಯ್ತು ಕಣಪ್ಪ! ನಮಗೆ ಕೆಲಸ ಬೇಕು. ಗೌಡ ಬೈದ್ರೆ ಬೈಕೊಳ್ಲಿ, ಬರ್ತೀವಿ.”

ಜವರ ಗೊಳೋ ಎಂದು ಅತ್ತ. “ಅಯ್ಯೋ ಪಾಪ! ಮದುವೆಯಾ! ಇನ್ಮೇಲೆ ಹಿಂಗಾಗದಂಗೆ ನೋಡ್ಕೊತೀವಿ!”

ಒಬ್ಬೊಬ್ಬರೂ ಒಂದೊಂದು ಗುದ್ದಿ ಕಳಿಸಿದರು.

ಅವ್ವ ಹಣೆ ಚಚ್ಚಿಕೊಂಡಳು. ಆದರೂ ಬಿಡಲಿಲ್ಲ. “ಗೌಡನ ಬೈಗುಳ ದಿನಾ ಕೇಳಿಯೂ ಆಲೆಮನೆ ಬಿಟ್ಟು ಓಡದವನು ಒಬ್ಬನಾದ್ರೂ ಇರ್ತಾನೆ. ಅವನನ್ನ ಹುಡುಕು. ಸಿಕ್ಕಿದ್ರೆ ಕೈ ಬಿಡ್ಬೇಡ. ಗೌಡ ಹೆಂಗೆ ದುಡಿಸ್ತಾನೋ ಹಂಗೇ ದುಡಿಸು!”

“ಆಗ್ಲಿ ಕಣವ್ವ!”

ಜವರ ಕೂತು ಯೋಚಿಸಿದ. ಅಂಥವನು ಒಬ್ಬನೇ ಇದ್ದ. ನೇರ ಹೋಗಿ ಕೆಂಚೇಗೌಡನ ಕೈ ಹಿಡಿದ, ಎಳೆದುಕೊಂಡು ಹೋಗಿ ಗಾಣದ ಮುಂದೆ ನಿಲ್ಲಿಸಿದ.

“ಬಿಡ್ಲಾ! ನಾನ್ಯಾರು ಗೊತ್ತೇನ್ಲಾ?”

“ಬಾಯ್ಮುಚ್ಚು ಸೋಮಾರಿ! ಗಾಣಕ್ಕೆ ಕಬ್ಬು ಕೊಡು!”

“ಸುಸ್ತಾಯ್ತು ಕಣ್ಲಾ, ನೀರು...”

“ನೀರು ನಿಮ್ಮಪ್ಪ ತರ್ತಾನಾ? ಕಬ್ಬು ಕೊಡು!”

ಮಧ್ಯಾಹ್ನ ನೀರು ಸಾರು, ಕಲ್ಲು ಮುದ್ದೆ. ಸಾಯಂಕಾಲ ಜವರ ಸೌಟು ಎತ್ತಿದ್ದೇ ತಡ, ಗೌಡ ಪಂಚೆ ಮೇಲೆ ಕಟ್ಟಿ ಓಟ ಕಿತ್ತ.

“ಇಂಥಾ ಕಡೆ ಯಾವನ್ಲಾ ಕೆಲಸ ಮಾಡ್ತಾನೆ!”

ಗೌಡ ತನ್ನ ಆಲೆಮನೆಯಿಂದ ತಾನೇ ಓಡಿದ ಸುದ್ದಿ ಊರೂರಿಗೆ ಹಬ್ಬಿತು. ಮರುದಿನ ಜಗಲಿಯವರು, ಮುದುಕಿ, ಅವಳ ಅಳಿಯ, ಅಣ್ಣತಮ್ಮಂದಿರು, ಎಲ್ಲರೂ ನೋಡಲು ಬಂದರು. ದ್ಯಾವೀರಮ್ಮ ಬಿಡುತ್ತಾಳೆಯೇ? ಬಿಸಿ ಮುದ್ದೆ, ಗಟ್ಟಿ ಸಾರು ಬಡಿಸಿದಳು. “ಮೊದಲು ಉಣ್ರಪ್ಪ, ಗಾಣ ಆಮೇಲೆ. ಬೈಯೋರು ಯಾರೂ ಇಲ್ಲ.”

ಗಾಣ ತಿರುಗಿತು. ಕೊಪ್ಪರಿಗೆ ಕುದಿಯಿತು. ಕತ್ತಲಾಗುವ ಮೊದಲು ಬೆಲ್ಲ ಅಚ್ಚಿಗೆ ಬಿತ್ತು.

ಹುಟ್ಟಿದಾಗಿನಿಂದ ಮೊದಲ ಸಲ ಅವ್ವ ಮಗನ ತಲೆ ಸವರಿದಳು. “ಒಂದು ನೆನಪಿಟ್ಕೊ ಮಗ. ಇಲ್ಲಿಂದ ಯಾರೇ ಬಿಟ್ಟು ಹೋಗಲಿ, ತಡ ಮಾಡದೆ ಅವರ ಜಾಗಕ್ಕೆ ಇನ್ನೊಬ್ಬರನ್ನ ತರಬೇಕು.”

“ಆಗ್ಲಿ ಕಣವ್ವ!”

ಬೆಳಗಾಗುವಷ್ಟರಲ್ಲಿ ಜವರ ಊರಿನ ಬಾಗಿಲು ಬಾಗಿಲು ಬಡಿಯುತ್ತಿದ್ದ:

“ಆಲೆಮನೆಗೆ ಒಬ್ಬ ಯಜಮಾನ ಬೇಕು! ಚೆನ್ನಾಗಿ ಬೈಯೋಕೆ ಬರೋರು ಯಾರಾದ್ರೂ ಅವ್ರಾ?”