ಬೀಗಿತ್ತಿ ದೊಣೆ

ಹುರುಳಿಬಂಡೆ ಊರಿನ ಹಿಂದಿರುವ ಗುಡ್ಡದ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಎರಡು ದೊಣೆಗಳಿವೆ. ಬಡಗಣ ದೊಣೆಗೆ ಹೆಸರಿಲ್ಲ. ತೆಂಕಣದ್ದನ್ನು ಬೀಗಿತ್ತಿ ದೊಣೆ ಎನ್ನುತ್ತಾರೆ. ಮುಂಗಾರಿನ ಮೊದಲ ಮಳೆಗೆ ಕಪ್ಪೆಗಳು ಇದರಲ್ಲಿ ಮೊಟ್ಟೆಯಿಡುತ್ತವೆ. ಅಂದಿನಿಂದ ಗೊದಮೊಟ್ಟೆಗಳಿಗೆ ನಾಲ್ಕೂ ಕಾಲು ಮೂಡಿ ಅವು ಬಂಡೆಗೆ ಹತ್ತುವವರೆಗೆ ನಮ್ಮ ಮನೆಯ ಹೆಂಗಸರು ದಿನವೂ ಬೆಳಗ್ಗೆ ಹೋಗಿ, ನೀರಿನ ಅಂಚಿಗೆ ಜಾಜಿನ ಕೆಂಪು ಗೆರೆ ಎಳೆದು ಬರುತ್ತೇವೆ. ನೀರು ಬೇಗ ಇಳಿಯುತ್ತಿದ್ದರೆ ಗೆರೆಗಳೇ ಹೇಳುತ್ತವೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಬಂದ ನನಗೂ ಇದಕ್ಕಿಂತ ಒಳ್ಳೆಯ ಕ್ರಮ ಹೊಳೆದಿಲ್ಲ.

ಹಿಂದೆ, ಈ ಕಾವಲು ನಮ್ಮ ಮನೆತನದ ತಿಪ್ಪಕ್ಕನದಾಗಿದ್ದ ಕಾಲದಲ್ಲಿ, ಮೊದಲ ಮಳೆ ಸುರಿದು ಹೋದದ್ದು ಮತ್ತೆ ಬರಲಿಲ್ಲವಂತೆ. ಹೊಲದ ಎಳೆ ಪೈರಿಗೆ ಬೀಳುವ ಹುಳುವನ್ನು ತಿನ್ನುವುದು ಈ ಕಪ್ಪೆಗಳೇ ಆದ್ದರಿಂದ ಊರಿಗೆಲ್ಲ ಚಿಂತೆ ಹತ್ತಿತು. ನೆರವಾಗೋಣವೆಂದು ಊರಿನ ಗಂಡಸರು ಬಾವಿಯ ನೀರನ್ನು ಹೊತ್ತು ಬಡಗಣ ದೊಣೆಗೆ ಸುರಿದರು. ನಮ್ಮೂರ ಬಾವಿಯದು ಸವಳು ನೀರು. ಕುಡಿದು ಕುಡಿದು ಅದೇ ರುಚಿಗೆ ಒಗ್ಗಿದ ನಾಲಿಗೆಗಳಿಗೆ ಅದರ ಉಪ್ಪು ನೆನಪಾಗಲೇ ಇಲ್ಲ. ಮರುದಿನ ಗೊದಮೊಟ್ಟೆಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದದ್ದು ತೆಂಕಣ ದೊಣೆ ಒಂದೇ; ಅದರ ತಳವೂ ಕಾಣತೊಡಗಿತ್ತು.

ಅದೇ ಹೊತ್ತಿಗೆ ತಿಪ್ಪಕ್ಕನ ಮಗಳು ದುರುಗಿಯ ಮದುವೆ. ಗಂಡಿನವರು ಹೊಳೆಸಾಲಿನವರು. ನಮ್ಮೂರ ನೀರಿನ ಸುದ್ದಿ ಕೇಳಿದ್ದ ಗಂಡಿನ ತಾಯಿ ಕಾಟವ್ವ, ಅಡುಗೆಗೂ ಕುಡಿಯುವುದಕ್ಕೂ ಎಂದು ಎತ್ತುಗಳ ಮೇಲೆ ತೊಗಲಿನ ಚೀಲಗಳಲ್ಲಿ ಸಿಹಿನೀರು ಹೇರಿಸಿಕೊಂಡು ಬಂದಳು. ತಿಪ್ಪಕ್ಕ ಚಪ್ಪರದಲ್ಲೇ ಆ ನೀರನ್ನು ದೊಣೆಗೆ ಕೇಳಿದಳು. ನೆರೆದವರು ನಕ್ಕರು.

"ಅಲ್ಲ ಬೀಗಿತ್ತಿ, ನಾವು ಹೆಣ್ಣು ಒಯ್ಯಾಕೆ ಬಂದಿದ್ದೋ, ಕಪ್ಪೆ ಸಾಕಾಕೆ ಬಂದಿದ್ದೋ?" ಎಂದಳು ಕಾಟವ್ವ.

"ಹೆಣ್ಣು ನಂದು, ಕೊಟ್ಟೀನಿ. ಕಪ್ಪೆ ಊರಿಂದು, ಸಾಯಾಕೆ ಬಿಡಾಕೆ ನಾನ್ಯಾರು?"

ಗಂಡಿನ ಸೋದರಮಾವ, ಕಾಟವ್ವನ ಅಣ್ಣ, ಸಿಟ್ಟಿನಿಂದ ಎತ್ತುಗಳ ಮೇಲೆ ಚೀಲ ಮತ್ತೆ ಹೇರಿಸಲು ಹೊರಟ. ಮದುವೆ ಮುರಿಯುವುದೆಂದು ದುರುಗಿ ಅತ್ತಳು. ಆದರೂ ತಿಪ್ಪಕ್ಕ ಮಾತು ಹಿಂತೆಗೆದುಕೊಳ್ಳಲಿಲ್ಲ. ಕಾಟವ್ವನಿಗೆ ಅದೇನು ಕಂಡಿತೋ, "ತಡೀರಿ, ಇವಳ ನೆಂಟರನ್ನ ಒಂದ್ಸಲ ನೋಡ್ಕಂಡು ಬತ್ತೀನಿ" ಎಂದು ಮದುವೆಯ ಸೀರೆಯಲ್ಲೇ ಗುಡ್ಡ ಹತ್ತಿದಳು. ಕೆಸರಿನಲ್ಲಿ ಒತ್ತೊತ್ತಾಗಿ ಮಿಸುಕುತ್ತಿದ್ದ ಗೊದಮೊಟ್ಟೆಗಳನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು.

"ಹಿಂಗಾಲು ಬಂದಾವಲ್ಲೇ ಇವಕ್ಕೆ!"

"ಮುಂಗಾಲು ಬರಾಗಂಟ ನೀರು ಬೇಕು ಕಣವ್ವ" ಎಂದಳು ಹಿಂದೆಯೇ ಹತ್ತಿ ಬಂದಿದ್ದ ತಿಪ್ಪಕ್ಕ.

ಕಾಟವ್ವ ಬಂಡೆಯ ಅಂಚಿಗೆ ಬಂದು, ಚೀಲಗಳನ್ನೆಲ್ಲ ಮೇಲಕ್ಕೆ ತರುವಂತೆ ಕೆಳಗಿದ್ದವರಿಗೆ ಕೂಗಿ ಹೇಳಿದಳು. ಅಂದಿನ ಮದುವೆಯೂಟ ಸವಳು ನೀರಿನಲ್ಲೇ ಬೆಂದಿತು. ಸಾರಿಗೆ ಉಪ್ಪು ಹಾಕದಿದ್ದರೂ ಹೊಳೆಸಾಲಿನವರಿಗೆ ಬಾಯಿಗಿಡಲಾಗಲಿಲ್ಲವಂತೆ. ಸೋದರಮಾವ ಉಣ್ಣದೆ ಎದ್ದು ಹೋದವನು ಸಾಯುವವರೆಗೂ ಕಾಟವ್ವನ ಹೊಸ್ತಿಲು ತುಳಿಯಲಿಲ್ಲ ಎನ್ನುತ್ತಾರೆ. ಅಣ್ಣನನ್ನು ಕಳೆದುಕೊಂಡೂ ಅವಳು ನೀರು ಕೊಟ್ಟದ್ದನ್ನು ಎಂದೂ ಎತ್ತಿ ಆಡಲಿಲ್ಲ. ಕಪ್ಪೆಮರಿಗಳು ಬಂಡೆ ಹತ್ತಿ ಹೊಲಗಳಿಗೆ ಇಳಿದ ದಿನ ಊರು ಕಾಟವ್ವನ ನೆನಪಿಗೆ ಅದನ್ನು ಬೀಗಿತ್ತಿ ದೊಣೆ ಎಂದು ಕರೆಯಿತು. ತಿಪ್ಪಕ್ಕನ ಹೆಸರೇಕೆ ಇಡಲಿಲ್ಲವೆಂದು ನಮ್ಮ ಮನೆಯವರು ಯಾರೂ ಕೇಳಿಲ್ಲ. ಅವಳು ಮಾಡಿದ್ದು ಅವಳ ಕೆಲಸ.

ಬಡಗಣ ದೊಣೆಯಲ್ಲಿ ಈಗಲೂ ಕಪ್ಪೆ ಮೊಟ್ಟೆಯಿಡುವುದಿಲ್ಲ. ಆ ಉಪ್ಪು ಎಂದೋ ತೊಳೆದುಹೋಗಿರಬೇಕು. ಆದರೂ ಅವು ಏಕೆ ಬರುವುದಿಲ್ಲವೋ ನನಗೆ ಗೊತ್ತಿಲ್ಲ. ಬೀಗಿತ್ತಿ ದೊಣೆಯೂ ಈಚೆಗೆ ಬೇಗ ಒಣಗುತ್ತಿದೆ. ಹೋದ ವರ್ಷ ಮುಂಗಾಲು ಮೂಡುವ ಮೊದಲೇ ಬತ್ತಿತು, ಒಂದು ಮರಿಯೂ ಉಳಿಯಲಿಲ್ಲ. ಈ ವರ್ಷ ಗೆರೆಗಳ ಅಂತರ ಹೆಚ್ಚಿದ ಕೂಡಲೇ ಊರಿಗೆ ಹೊಸದಾಗಿ ಬೀಗರಾದವರಿಗೆ ಸಿಹಿನೀರು ತರಲು ಹೇಳಿ ಕಳಿಸಿದೆವು. ನೋಡಲು ಬಂದವರು ಈಗ ಗುಡ್ಡದ ಮೇಲೆ ಕಾಣುವುದು ಇದನ್ನೇ: ಪರವೂರ ಹೆಂಗಸೊಬ್ಬಳು ಕ್ಯಾನಿನಿಂದ ಒಂದು ಗುಟುಕು ನೀರು ಕುಡಿದು, ಬಾಯಲ್ಲಿ ಆಡಿಸಿ ನೋಡಿ, ಆಮೇಲೆ ದೊಣೆಗೆ ಬಗ್ಗುತ್ತಾಳೆ.